ವಿದ್ಯಾರ್ಥಿಗೆ ಎಂಥ ಲ್ಯಾಪ್‌ಟಾಪ್? ಹಗುರ, ಬೆಲೆ ಮತ್ತು ಬಾಳಿಕೆಯ ಲೆಕ್ಕ

(ಟ್ರಸ್ಟಿನ ವಾರ್ಷಿಕ ಮಹಾಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ವಿದ್ಯಾರ್ಥಿವೇತನ ಸಮಿತಿಯ ಪರವಾಗಿ ಮಾಡಿದ ಭಾಷಣ)



ಈ ವರ್ಷ ಸಮಿತಿಗೆ ಒಪ್ಪಿಸಿದ್ದ ಒಂದು ಸಣ್ಣ ಕೆಲಸದ ಬಗ್ಗೆ ಕೆಲವು ಮಾತು ಹೇಳಬೇಕೆಂದು ಅಧ್ಯಕ್ಷರು ಸೂಚಿಸಿದ್ದಾರೆ. ಒಂದು ಲ್ಯಾಪ್‌ಟಾಪನ್ನು ಪರೀಕ್ಷಿಸಿ, ಅದು ನಮ್ಮ ಮಕ್ಕಳಿಗೆ ತಕ್ಕದ್ದೋ ಅಲ್ಲವೋ ಎಂದು ತಿಳಿಸುವುದೇ ಆ ಕೆಲಸ. ಸಮಿತಿಯಲ್ಲಿ ನಾವು ನಾಲ್ವರು. ಮೂವರು ನಿವೃತ್ತ ಶಿಕ್ಷಕರು, ಒಬ್ಬರು ಬ್ಯಾಂಕಿನಲ್ಲಿ ದುಡಿದವರು. ಸೀಮೆಸುಣ್ಣ ಹಿಡಿದವರು ಲ್ಯಾಪ್‌ಟಾಪನ್ನು ಏನು ಪರೀಕ್ಷಿಸಿಯಾರು ಎಂದು ಕೆಲವರು ನಕ್ಕದ್ದೂ ಉಂಟು. ಆದರೆ ಪರೀಕ್ಷೆ ಮಾಡಿ ಅಂಕ ಕೊಡುವುದೇ ಜೀವನವಿಡೀ ನಮ್ಮ ಕಸುಬಾಗಿತ್ತಲ್ಲ!

ವಿಷಯ ಶುರುವಾದದ್ದು ಹೀಗೆ. ಗಲ್ಫ್‌ನಲ್ಲಿ ದುಡಿಯುವ ನಮ್ಮ ದಾನಿಯೊಬ್ಬರು ರಜೆಯಲ್ಲಿ ಊರಿಗೆ ಬಂದಾಗ ಕಚೇರಿಗೆ ಬಂದರು. ಅವರು ಈಗಲೂ ಈ ಸಭೆಯಲ್ಲೇ ಕುಳಿತಿದ್ದಾರೆ. ಹೆಸರು ಹೇಳಬಾರದೆಂದು ಕೇಳಿಕೊಂಡಿರುವುದರಿಂದ ಹೇಳುವುದಿಲ್ಲ. ತಮ್ಮ ಚೀಲದಿಂದ ಒಂದು ಪುಟ್ಟ ಲ್ಯಾಪ್‌ಟಾಪ್ ತೆಗೆದು ನಮ್ಮ ಕೈಗಿಟ್ಟರು. ಅದರೊಳಗೆ ಯಂತ್ರ ಇದೆಯೋ ಇಲ್ಲವೋ ಎಂದು ಸಂಶಯ ಬರುವಷ್ಟು ಹಗುರ. ಪಕ್ಕದ ದಿನಸಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿದೆವು. 980 ಗ್ರಾಂ. ಒಂದು ಕಿಲೋ ಸಕ್ಕರೆಯ ಪೊಟ್ಟಣಕ್ಕಿಂತ ಕಡಿಮೆ. ಬೆಲೆ ಮಾತ್ರ 1,20,000 ರೂಪಾಯಿ.

ಅವರು ಹೇಳಿದ ಮಾತು ನಮ್ಮ ಮನಸ್ಸಿನಲ್ಲಿ ಉಳಿದಿದೆ. “ಮಾಸ್ಟ್ರೇ, ನಾನು ಓದುವಾಗ ನನಗೆ ಸಿಕ್ಕಿದ್ದೆಲ್ಲ ಬೇರೆಯವರು ಬಳಸಿ ಬಿಟ್ಟದ್ದು. ಪುಸ್ತಕವೂ ಹಾಗೇ, ಅಂಗಿಯೂ ಹಾಗೇ. ಈ ಮಕ್ಕಳಿಗಾದರೂ ಒಳ್ಳೆಯದು ಸಿಗಲಿ. ಆರು ಲಕ್ಷ ಕೊಡುತ್ತೇನೆ. ಇಂಥದ್ದೇ ಐದು ತೆಗೆದು ಕೊಡಿ.”

ಇಂಥ ಮಾತಿಗೆ ತಕ್ಷಣ ‘ಆಗಲಿ’ ಎನ್ನುವುದು ಸುಲಭ. ‘ಬೇಡ’ ಎನ್ನುವುದೂ ಸುಲಭ. ನಾವು ಒಂದು ತಿಂಗಳ ಸಮಯ ಕೇಳಿದೆವು. ಅವರು ತಮ್ಮ ಲ್ಯಾಪ್‌ಟಾಪನ್ನೇ ನಮಗೆ ಬಿಟ್ಟುಹೋದರು.

ಮೊದಲು ನಮ್ಮದೇ ಒಂದು ತಪ್ಪನ್ನು ದಾನಿಗಳ ಮುಂದೆ ಒಪ್ಪಿಕೊಳ್ಳಬೇಕು. ಹಿಂದಿನ ವರ್ಷಗಳಲ್ಲಿ ನಾವು ಮಕ್ಕಳಿಗೆ ಕೊಟ್ಟದ್ದು ದೊಡ್ಡ ಪರದೆಯ, ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳನ್ನು. ಕಡಿಮೆ ಹಣಕ್ಕೆ ದೊಡ್ಡ ವಸ್ತು ಬಂತೆಂದು ಸಮಾಧಾನಪಟ್ಟೆವು. ವಿದ್ಯಾರ್ಥಿವೇತನದ ನವೀಕರಣಕ್ಕಾಗಿ ಮನೆಗಳಿಗೆ ಹೋದಾಗ ಕಂಡದ್ದೇ ಬೇರೆ. ಹಲವು ಮನೆಗಳಲ್ಲಿ ಅದು ಮೇಜಿನ ಮೇಲೆ, ಕಸೂತಿ ಬಟ್ಟೆ ಹೊದ್ದು, ಸದಾ ಪ್ಲಗ್ಗಿಗೆ ಅಂಟಿಕೊಂಡು ಕುಳಿತಿತ್ತು. ತೂಕ ಎರಡು ಕಿಲೋಗಿಂತ ಹೆಚ್ಚು, ಚಾರ್ಜರ್ ಸೇರಿದರೆ ಎರಡೂವರೆ ದಾಟುತ್ತಿತ್ತು. ಬ್ಯಾಟರಿ ಒಂದು ತಾಸೂ ನಿಲ್ಲುತ್ತಿರಲಿಲ್ಲ. ಉಪ್ಪಿನಂಗಡಿ ಕಡೆಯಿಂದ ಮಂಗಳೂರಿಗೆ ದಿನವೂ ಬಸ್ಸಿನಲ್ಲಿ ನಿಂತು ಹೋಗುವ ಹುಡುಗಿ ಅದನ್ನು ಹೊತ್ತುಕೊಂಡು ಹೋಗುವುದು ಹೇಗೆ? ಅವಳು ಮೊಬೈಲಿನಲ್ಲೇ ಟಿಪ್ಪಣಿ ಬರೆದುಕೊಳ್ಳುತ್ತಿದ್ದಳು. ನಾವು ಕೊಟ್ಟದ್ದು ಮನೆಯಲ್ಲಿ ತಮ್ಮಂದಿರು ವಿಡಿಯೊ ನೋಡುವ ಪೆಟ್ಟಿಗೆಯಾಗಿತ್ತು.

ಆದ್ದರಿಂದ ‘ಹಗುರ ಎಂಬುದು ಶ್ರೀಮಂತರ ಶೋಕಿ’ ಎಂದು ನಾವು ಹೇಳುವುದಿಲ್ಲ. ಶಿಕ್ಷಕರಿಗೆ ಈ ಲೆಕ್ಕ ಗೊತ್ತು. 2019ರ ಮೇ ತಿಂಗಳಲ್ಲಿ ನಮ್ಮ ರಾಜ್ಯದ ಶಿಕ್ಷಣ ಇಲಾಖೆ ಶಾಲಾ ಮಕ್ಕಳ ಚೀಲದ ತೂಕ ಮಗುವಿನ ತೂಕದ ಶೇಕಡಾ 10 ಮೀರಬಾರದೆಂದು ಆದೇಶ ಹೊರಡಿಸಿತು. ಒಂದು–ಎರಡನೇ ತರಗತಿಗೆ ಒಂದೂವರೆಯಿಂದ ಎರಡು ಕಿಲೋ, ಒಂಬತ್ತು–ಹತ್ತನೇ ತರಗತಿಗೆ ನಾಲ್ಕರಿಂದ ಐದು ಕಿಲೋ ಎಂದು ಮಿತಿ ಹಾಕಿತು. ಕಾಲೇಜಿಗೆ ಈ ಆದೇಶ ಅನ್ವಯಿಸುವುದಿಲ್ಲ, ನಿಜ. ಆದರೆ ಎಸ್ಸೆಸ್ಸೆಲ್ಸಿ ಪಾಸಾದ ಮಾತ್ರಕ್ಕೆ ಮಗುವಿನ ಭುಜ ಕಬ್ಬಿಣದ್ದಾಗುವುದಿಲ್ಲ. 45 ಕಿಲೋ ತೂಕದ ಹುಡುಗಿಗೆ ಅದೇ ಲೆಕ್ಕ ಹಾಕಿದರೆ ಒಟ್ಟು ಹೊರೆ ನಾಲ್ಕೂವರೆ ಕಿಲೋ. ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನಮ್ಮ ಲ್ಯಾಪ್‌ಟಾಪೇ ತಿಂದುಬಿಟ್ಟಿತ್ತು. ಪುಸ್ತಕಕ್ಕೆ, ಬುತ್ತಿಗೆ, ನೀರಿನ ಬಾಟಲಿಗೆ, ಕೊಡೆಗೆ ಉಳಿದದ್ದೆಷ್ಟು?

ಹಾಗಾದರೆ ಹಗುರದ್ದನ್ನೇ ಕೊಡೋಣ ಎನ್ನುವ ಮುಂಚೆ ಈ ಹಗುರ ಎಲ್ಲಿಂದ ಬರುತ್ತದೆ ಎಂದು ತಿಳಿಯಬೇಕು. ಅದಕ್ಕೆ ಸ್ವಲ್ಪ ಇತಿಹಾಸ ಹೇಳುತ್ತೇವೆ.

2008ರ ಜನವರಿಯಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್ ಅವರು ಕಚೇರಿಯಲ್ಲಿ ಬಳಸುವ ಕಾಗದದ ಲಕೋಟೆಯೊಂದರಿಂದ ಒಂದು ಲ್ಯಾಪ್‌ಟಾಪನ್ನು ಹೊರತೆಗೆದು ತೋರಿಸಿದರು. ಅದೇ ಮೊದಲ ಮ್ಯಾಕ್‌ಬುಕ್ ಏರ್. ತೂಕ 1.36 ಕಿಲೋ, ಬೆಲೆ 1,799 ಡಾಲರ್. ಜನ ಬೆರಗಾದರು. ಆದರೆ ಅಷ್ಟು ತೆಳುವಾಗಲು ಒಳಗಿನ ಎಷ್ಟೋ ವಸ್ತುಗಳನ್ನು ಕೈಬಿಟ್ಟಿದ್ದರು. ಸಿಡಿ ಹಾಕುವ ಜಾಗ ಇರಲಿಲ್ಲ. ಇಂಟರ್‌ನೆಟ್ ಕೇಬಲ್ ಚುಚ್ಚುವ ತೂತು ಇರಲಿಲ್ಲ. ಪೆನ್‌ಡ್ರೈವ್ ಹಾಕಲು ಇದ್ದದ್ದು ಒಂದೇ ಒಂದು ಯುಎಸ್‌ಬಿ. ಮೆಮೊರಿಯನ್ನು ಬೆಸುಗೆ ಹಾಕಿಬಿಟ್ಟಿದ್ದರು. ಬ್ಯಾಟರಿಯನ್ನು ನಾವೇ ಕಳಚಿ ಬದಲಿಸುವಂತಿರಲಿಲ್ಲ.

ಎರಡೂ ಮುಕ್ಕಾಲು ವರ್ಷ ಕಳೆದು, 2010ರ ಅಕ್ಟೋಬರ್‌ನಲ್ಲಿ ಅದರ 11 ಇಂಚಿನ ಹೊಸ ಮಾದರಿ ಬಂತು. ತೂಕ ಇನ್ನೂ ಕಡಿಮೆ, 1.06 ಕಿಲೋ. ತಿರುಗುವ ಹಾರ್ಡ್ ಡಿಸ್ಕ್ ಹೋಗಿ ಫ್ಲ್ಯಾಷ್ ಮೆಮೊರಿ ಬಂದಿತ್ತು. ಬೆಲೆ 999 ಡಾಲರ್. ಸೀಸನ್ನಿನ ಮೊದಲ ಮಾವಿನ ಹಣ್ಣಿಗೆ ಯಾವ ಬೆಲೆ ಎಂದು ಇಲ್ಲಿರುವ ಎಲ್ಲ ತಾಯಂದಿರಿಗೂ ಗೊತ್ತು. ತಿಂಗಳು ಕಾದವರು ಒಳ್ಳೆಯ ಹಣ್ಣನ್ನೇ ಅರ್ಧ ಬೆಲೆಗೆ ತಿನ್ನುತ್ತಾರೆ.

2015ರಲ್ಲಿ ಅದೇ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 12 ಇಂಚಿನ ಮ್ಯಾಕ್‌ಬುಕ್ ಬಂತು. ತೂಕ ಬರೀ 920 ಗ್ರಾಂ, ದಪ್ಪ 13.1 ಮಿಲಿಮೀಟರ್, ಬೆಲೆ 1,299 ಡಾಲರ್. ಫ್ಯಾನ್ ಇಲ್ಲ, ಸದ್ದಿಲ್ಲ. ಚಾರ್ಜ್ ಮಾಡಲು, ಪೆನ್‌ಡ್ರೈವ್ ಹಾಕಲು, ಪ್ರೊಜೆಕ್ಟರ್ ಜೋಡಿಸಲು ಎಲ್ಲಕ್ಕೂ ಸೇರಿ ಒಂದೇ ತೂತು. ಅಷ್ಟು ತೆಳುವಾಗಬೇಕೆಂದು ಕೀಬೋರ್ಡನ್ನೂ ಹೊಸದಾಗಿ ಮಾಡಿದರು. ಕೀಲಿಗಳು ಕೆಳಗೆ ಇಳಿಯುವ ದೂರ ತೀರಾ ಕಡಿಮೆ. ಸಣ್ಣ ಧೂಳಿನ ಕಣ ಸಿಕ್ಕಿಕೊಂಡರೂ ಅಕ್ಷರ ಬೀಳದು, ಇಲ್ಲವೇ ಎರಡೆರಡು ಬೀಳುವುದು ಎಂದು ಬಳಕೆದಾರರಿಂದ ದೂರುಗಳು ಬಂದವು. 2018ರ ಜೂನ್‌ನಲ್ಲಿ ಕಂಪನಿಯೇ, ಖರೀದಿಸಿದ ದಿನದಿಂದ 4 ವರ್ಷಗಳವರೆಗೆ ಇಂಥ ಕೀಬೋರ್ಡ್‌ಗಳನ್ನು ಉಚಿತವಾಗಿ ಸರಿಮಾಡಿಕೊಡುವುದಾಗಿ ಪ್ರಕಟಿಸಿತು. 2019ರ ಜುಲೈನಲ್ಲಿ ಆ ಪುಟ್ಟ ಲ್ಯಾಪ್‌ಟಾಪ್ ಮಾರಾಟದಿಂದಲೇ ಹೋಯಿತು. 2020ರ ಹೊತ್ತಿಗೆ ಕಂಪನಿ ತನ್ನ ಲ್ಯಾಪ್‌ಟಾಪ್‌ಗಳಿಗೆ ಹಿಂದಿನ ರೀತಿಯ ಕೀಲಿಗಳನ್ನೇ ಮತ್ತೆ ಹಾಕಿತು. ಈ ಕೀಬೋರ್ಡಿನ ವಿಷಯವಾಗಿ ಅಮೆರಿಕದ ನ್ಯಾಯಾಲಯದಲ್ಲಿ ನಡೆದ ಮೊಕದ್ದಮೆಯಲ್ಲಿ, ತಪ್ಪು ಒಪ್ಪಿಕೊಳ್ಳದೆಯೇ, 2022ರಲ್ಲಿ 5 ಕೋಟಿ ಡಾಲರ್‌ಗೆ ರಾಜಿಯಾಯಿತು.

ಒಂದು ಕಂಪನಿಯನ್ನು ದೂರಲು ಇದನ್ನು ಹೇಳುತ್ತಿಲ್ಲ. ಅದೇ ಕಂಪನಿ 2020ರ ಕೊನೆಯಲ್ಲಿ ಫ್ಯಾನ್ ಇಲ್ಲದ, 1.29 ಕಿಲೋ ತೂಕದ, ಬಹಳ ಜನ ಮೆಚ್ಚಿದ ಲ್ಯಾಪ್‌ಟಾಪನ್ನು 999 ಡಾಲರ್‌ಗೆ ಕೊಟ್ಟಿತು. ಹಗುರ ಲ್ಯಾಪ್‌ಟಾಪ್‌ಗಳನ್ನು ಈಗ ಹಲವು ಕಂಪನಿಗಳು ಮಾಡುತ್ತಿವೆ. ನಾವು ಕಲಿಯಬೇಕಾದದ್ದು ಇಷ್ಟೇ: ಕಡಿಮೆಯಾದ ಪ್ರತಿ ನೂರು ಗ್ರಾಮಿಗೂ ನಾವು ಏನನ್ನೋ ಬಿಟ್ಟುಕೊಟ್ಟಿರುತ್ತೇವೆ. ಎರಡನೇ ಲ್ಯಾಪ್‌ಟಾಪ್ ಕೊಳ್ಳಬಲ್ಲವನಿಗೆ ಅದು ದೊಡ್ಡ ನಷ್ಟವಲ್ಲ. ನಾಲ್ಕು ವರ್ಷಕ್ಕೆ ಒಂದೇ ಲ್ಯಾಪ್‌ಟಾಪ್ ಇರುವವನು ಮಾತ್ರ ಬಿಟ್ಟುಕೊಟ್ಟದ್ದೇನು ಎಂದು ಮೊದಲೇ ಕೇಳಬೇಕು.

ಇನ್ನು ನಮ್ಮ ಪರೀಕ್ಷೆ. ದಾನಿಗಳು ಬಿಟ್ಟುಹೋದ ಲ್ಯಾಪ್‌ಟಾಪ್ ಯಾವ ಕಂಪನಿಯದೆಂದು ಹೇಳುವುದಿಲ್ಲ. ನಾಲ್ಕು ವಾರ, ನಾಲ್ವರು ವಿದ್ಯಾರ್ಥಿಗಳಿಗೆ ಒಂದೊಂದು ವಾರ ಕೊಟ್ಟೆವು. ಒಬ್ಬಳು ನರ್ಸಿಂಗ್, ಒಬ್ಬ ಎಂಜಿನಿಯರಿಂಗ್, ಒಬ್ಬಳು ಬಿ.ಕಾಂ., ಒಬ್ಬ ಬಿ.ಎ. ಅವರ ಮಾತನ್ನು ಬರೆದುಕೊಂಡು ಅಂಕ ಹಾಕಿದೆವು.

ತೂಕಕ್ಕೆ ನೂರಕ್ಕೆ ನೂರು. ಚಾರ್ಜರ್ ಸೇರಿಸಿ ತೂಗಿದರೂ ಒಂದೂಕಾಲು ಕಿಲೋ ಆಗಲಿಲ್ಲ. ಅಂಗಡಿಯವರು ಹೇಳುವ ತೂಕದಲ್ಲಿ ಚಾರ್ಜರ್ ಸೇರಿರುವುದಿಲ್ಲ, ಹೆತ್ತವರು ಇದನ್ನು ನೆನಪಿಡಬೇಕು.

ಬ್ಯಾಟರಿಗೂ ಒಳ್ಳೆಯ ಅಂಕ. ಬೆಳಿಗ್ಗೆ ತುಂಬಿಸಿದರೆ ಸಂಜೆ ಬಸ್ಸಿನವರೆಗೆ ಬಂತು. ಮಳೆಗಾಲದಲ್ಲಿ ಕರೆಂಟ್ ಹೋದ ರಾತ್ರಿಯೂ ನರ್ಸಿಂಗ್ ಹುಡುಗಿ ಓದಿದಳು. ಇದರ ಲೆಕ್ಕ ಸರಳ. ಬ್ಯಾಟರಿಯ ಮೇಲೆ ಇಷ್ಟು ವ್ಯಾಟ್-ಅವರ್ ಎಂದು ಬರೆದಿರುತ್ತದೆ. ಲ್ಯಾಪ್‌ಟಾಪ್ ಗಂಟೆಗೆ ಎಷ್ಟು ತಿನ್ನುತ್ತದೋ ಅದರಿಂದ ಭಾಗಿಸಿದರೆ ತಾಸು ಸಿಗುತ್ತದೆ. 50 ವ್ಯಾಟ್-ಅವರ್ ಬ್ಯಾಟರಿ, 6 ವ್ಯಾಟ್ ಬಳಕೆ ಎಂದರೆ ಎಂಟು ತಾಸು ಚಿಲ್ಲರೆ. ದೊಡ್ಡ ಬ್ಯಾಟರಿ ಮಾತ್ರ ಸಾಲದು, ಕಡಿಮೆ ತಿನ್ನುವ ಯಂತ್ರವೂ ಬೇಕು.

ಕೆಲಸದ ವೇಗದಲ್ಲಿ ಅಂಕ ಇಳಿಯಿತು. ಎಂಜಿನಿಯರಿಂಗ್ ಹುಡುಗ ಡ್ರಾಯಿಂಗ್ ತೆರೆದಾಗ ಮೊದಲ ಹತ್ತು ನಿಮಿಷ ಕುದುರೆಯಂತೆ ಓಡಿತು, ಆಮೇಲೆ ಎತ್ತಿನ ಗಾಡಿಯಾಯಿತು. ನಮ್ಮಲ್ಲಿ ಭೌತಶಾಸ್ತ್ರ ಕಲಿಸಿದವರು ಕಾರಣ ಹೇಳಿದರು. ಫ್ಯಾನ್ ಇಲ್ಲದ ತೆಳು ಪೆಟ್ಟಿಗೆಯಲ್ಲಿ ಬಿಸಿ ಹೊರಹೋಗಲು ದಾರಿ ಕಡಿಮೆ. ಸುಟ್ಟುಹೋಗದಿರಲು ಯಂತ್ರ ತಾನೇ ನಿಧಾನವಾಗುತ್ತದೆ. ಓದಲು, ಬರೆಯಲು, ಆನ್‌ಲೈನ್ ಪಾಠ ಕೇಳಲು ತೊಂದರೆಯೇ ಇಲ್ಲ. ತಾಸುಗಟ್ಟಲೆ ಭಾರದ ಕೆಲಸಕ್ಕೆ ಅದು ಹೇಳಿದ್ದಲ್ಲ.

ಬಿ.ಕಾಂ. ಹುಡುಗಿಗೆ ಪರದೆ ಸಣ್ಣದಾಯಿತು. ಲೆಕ್ಕದ ಹಾಳೆಯಲ್ಲಿ ಹನ್ನೆರಡು ಕಾಲಂ ಒಟ್ಟಿಗೆ ನೋಡಲು ಕಣ್ಣು ಕಿರಿದು ಮಾಡಬೇಕಾಯಿತು. ಪೆನ್‌ಡ್ರೈವ್ ಮತ್ತು ಪ್ರೊಜೆಕ್ಟರ್‌ಗೆ ಬೇರೆ ಅಡಾಪ್ಟರ್ ಬೇಕಾಯಿತು. ಆ ಅಡಾಪ್ಟರ್ ಎರಡನೇ ವಾರದಲ್ಲೇ ಕಾಲೇಜಿನಲ್ಲಿ ಕಳೆದುಹೋಯಿತು. ಪಾಪ, ಅವಳು ಅಳುತ್ತಾ ಬಂದಳು. ಮಕ್ಕಳ ಕೈಯಲ್ಲಿ ಬೆಂಕಿಪೊಟ್ಟಣದಷ್ಟು ಸಣ್ಣ ವಸ್ತು ಉಳಿಯದೆಂದು ನಮಗೇ ಮೊದಲೇ ತಿಳಿದಿರಬೇಕಿತ್ತು.

ಮೆಮೊರಿ 8 ಜಿಬಿ, ಅದೂ ಬೆಸುಗೆ ಹಾಕಿದ್ದು. ಈಗ ಸಾಕು. ನಾಲ್ಕನೇ ವರ್ಷಕ್ಕೆ ಸಾಕೇ ಎಂದರೆ ಉತ್ತರವಿಲ್ಲ. ಮಹಡಿ ಏರಿಸಲು ಬಾರದ ತಳಪಾಯ ಹಾಕಿ ಮನೆ ಕಟ್ಟಿದಂತೆ ಅದು.

ಕೊನೆಯ ಪರೀಕ್ಷೆಯನ್ನು ನಾವು ಬಯಸಿರಲಿಲ್ಲ. ಮೂರನೇ ವಾರ ಕೊಡೆ ಮಡಚುವಾಗ ನೀರು ಕೀಬೋರ್ಡಿನ ಮೇಲೆ ಸುರಿಯಿತು. ನಮ್ಮ ಕರಾವಳಿಯ ಮಳೆಯಲ್ಲಿ ಯಾರಿಗೂ ಆಗುವಂಥದ್ದು. ಐದಾರು ಕೀಲಿಗಳು ಸತ್ತವು. ಸರ್ವಿಸ್ ಕೇಂದ್ರದವರು ವಾರಂಟಿಯಲ್ಲಿ ನೀರು ಸೇರುವುದಿಲ್ಲ ಎಂದರು. ಕೀಬೋರ್ಡ್ ಮಾತ್ರ ಬದಲಿಸಲಾಗದು, ಅದು ಕೂತಿರುವ ಮೇಲಿನ ಭಾಗವನ್ನೇ ಪೂರ್ತಿ ಬದಲಿಸಬೇಕು ಎಂದರು. ಅವರು ಹೇಳಿದ ಮೊತ್ತಕ್ಕೆ ಒಂದು ಸಾಧಾರಣ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪೇ ಬರುತ್ತಿತ್ತು. ನಾವು ನಾಲ್ವರೂ ಆ ಖರ್ಚನ್ನು ಹಂಚಿಕೊಂಡೆವು. ಟ್ರಸ್ಟಿನ ಹಣದಿಂದ ಒಂದು ರೂಪಾಯಿಯನ್ನೂ ಮುಟ್ಟಿಲ್ಲ, ಲೆಕ್ಕಪತ್ರ ನೋಡಬಹುದು. ಅದೇ ಸಂಜೆ ಬಸ್ ನಿಲ್ದಾಣದ ಬಳಿಯ ರಿಪೇರಿ ಅಂಗಡಿಯ ಹುಡುಗನನ್ನು ಕೇಳಿದೆವು. ಹಿಂದೆ ನಾವು ಕೊಟ್ಟ ಭಾರದ ಲ್ಯಾಪ್‌ಟಾಪ್‌ಗೆ ಹೀಗಾದರೆ ಎಷ್ಟು? “ಎರಡು ಸಾವಿರದೊಳಗೆ ಮಾಸ್ಟ್ರೇ, ಅರ್ಧ ತಾಸು ಕೂತರೆ ಇಲ್ಲೇ ಹಾಕಿ ಕೊಡುತ್ತೇನೆ” ಎಂದ.

ಆ ಎರಡು ಉತ್ತರಗಳ ನಡುವಿನ ಅಂತರ ನಮ್ಮ ಕಣ್ಣು ತೆರೆಸಿತು. ನಾವು ಸರಿಮಾಡಿಸಿಕೊಂಡೆವು, ನಮಗೆ ಪಿಂಚಣಿ ಇದೆ. ಬೀಡಿ ಕಟ್ಟಿ ಮಗಳನ್ನು ಓದಿಸುವ ತಾಯಿ ಆ ಮೊತ್ತವನ್ನು ಎಲ್ಲಿಂದ ತರಬೇಕು? ಆ ಲ್ಯಾಪ್‌ಟಾಪ್ ಮುಚ್ಚಿಯೇ ಉಳಿಯುತ್ತದೆ. ದಾನ ಕೊಟ್ಟವರಿಗೆ ಕೊಟ್ಟ ತೃಪ್ತಿ, ಪಡೆದವರಿಗೆ ಕೆಡಿಸಿದ ಅಪರಾಧ ಭಾವನೆ. ಅಂಥ ದಾನ ಬೇಡ.

ಇಷ್ಟಾದ ಮೇಲೆ ನಮ್ಮ ತೀರ್ಮಾನ ಸುಲಭವಾಗಬೇಕಿತ್ತು. ಆಗಲಿಲ್ಲ. ಸರಿಯಾಗಿ ಬಂದ ಲ್ಯಾಪ್‌ಟಾಪನ್ನು ಕೊನೆಯ ವಾರ ಬಿ.ಎ. ಹುಡುಗನಿಗೆ ಕೊಟ್ಟೆವು. ಅವನು ಊರುಗೋಲು ಹಿಡಿದು ನಡೆಯುವವನು. ವಾರ ಮುಗಿದು ಹಿಂತಿರುಗಿಸುವಾಗ ವೇಗದ ಬಗ್ಗೆ, ಪರದೆಯ ಬಗ್ಗೆ ಏನೂ ಹೇಳಲಿಲ್ಲ. “ಮಾಸ್ಟ್ರೇ, ಈ ವಾರ ನಾನು ಲೈಬ್ರರಿಗೆ ಹೋದೆ. ಅದು ಎರಡನೇ ಮಹಡಿಯಲ್ಲಿದೆ. ಹಳೆಯದನ್ನು ಬೆನ್ನಿಗೆ ಹಾಕಿ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ” ಎಂದ. ಇನ್ನೊಂದು ಬೇಕೆಂದು ಕೇಳಲಿಲ್ಲ. ಲ್ಯಾಪ್‌ಟಾಪನ್ನು ಬಟ್ಟೆಯಿಂದ ಒರೆಸಿ ಮೇಜಿನ ಮೇಲಿಟ್ಟು ಹೋದ.

ನಮ್ಮ ಅಂಕಪಟ್ಟಿಯಲ್ಲಿ ಮೆಟ್ಟಿಲಿಗೆ ಕಾಲಂ ಇರಲಿಲ್ಲ. ಒಂದೇ ಪ್ರಶ್ನೆಪತ್ರಿಕೆಯನ್ನು ಎಲ್ಲ ಮಕ್ಕಳಿಗೂ ಕೊಟ್ಟು ಅಳೆಯುವ ಹಳೆಯ ಅಭ್ಯಾಸ ನಮ್ಮದು. ಒಬ್ಬನಿಗೆ ಶೋಕಿ ಎನಿಸುವ ಒಂದು ಕಿಲೋ ಇನ್ನೊಬ್ಬನಿಗೆ ಎರಡು ಮಹಡಿ ಎಂಬುದನ್ನು ಆ ಹುಡುಗ ನಮಗೆ ಕಲಿಸಿದ.

ದಾನಿಗಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆವು. ಆರು ಲಕ್ಷಕ್ಕೆ ಐದು ಹಗುರ ಲ್ಯಾಪ್‌ಟಾಪ್ ಬೇಡ. ಒಂದು ಸಾಕು, ಅದು ಆ ಹುಡುಗನಿಗೆ. ಅದಕ್ಕೆ 1,20,000. ಉಳಿದದ್ದರಲ್ಲಿ 50,000ದಂತೆ ಎಂಟು ಲ್ಯಾಪ್‌ಟಾಪ್, ಅಂದರೆ 4,00,000. ಹಿಂದೆ ಕೊಟ್ಟಂಥ ಭಾರದವಲ್ಲ, 14 ಇಂಚಿನ, ಸುಮಾರು 1.4 ಕಿಲೋ ತೂಕದ, ಮೆಮೊರಿ ಹೆಚ್ಚಿಸಬಹುದಾದ, ಸ್ಕ್ರೂ ಬಿಚ್ಚಿದರೆ ಬ್ಯಾಟರಿ ಮತ್ತು ಕೀಬೋರ್ಡ್ ಬದಲಿಸಬಹುದಾದಂಥವು. ಉಳಿದ 80,000 ರಿಪೇರಿ ನಿಧಿ. ನಾಲ್ಕು ವರ್ಷ ಈ ಒಂಬತ್ತು ಲ್ಯಾಪ್‌ಟಾಪ್‌ಗಳಿಗೆ ನೀರು ಬಿದ್ದರೂ, ಬ್ಯಾಟರಿ ಸೋತರೂ ಈ ನಿಧಿಯಿಂದ ಸರಿಮಾಡಿಸುವುದು.

ಆ ಹುಡುಗನಿಗೆ ನಾವು ಪರೀಕ್ಷಿಸಿದ ಲ್ಯಾಪ್‌ಟಾಪನ್ನೇ ಕೊಟ್ಟು 1,20,000 ಉಳಿಸಬಹುದಲ್ಲ ಎಂದು ನಮ್ಮ ಬ್ಯಾಂಕಿನವರು ಸೂಚಿಸಿದರು. ದಾನಿಗಳು ತಲೆಯಾಡಿಸಿದರು. “ಅದು ನಾನು ಬಳಸಿದ್ದು. ಅವನಿಗೆ ಹೊಸದೇ ಕೊಡಿ” ಎಂದರು. ಅವರು ಮೊದಲ ದಿನ ಹೇಳಿದ್ದು ನೆನಪಾಗಿ ನಾವು ಸುಮ್ಮನಾದೆವು. ಆಮೇಲೆ ಒಂದೇ ಪ್ರಶ್ನೆ ಕೇಳಿದರು. “ರಿಪೇರಿ ನಿಧಿ ಮುಗಿದರೆ?” ನಿಮಗೇ ಫೋನ್ ಮಾಡುತ್ತೇವೆ ಎಂದೆವು. ನಕ್ಕು ಒಪ್ಪಿದರು. ಅಲ್ಲಾಹನು ಅವರಿಗೆ ಒಳ್ಳೆಯ ಪ್ರತಿಫಲ ನೀಡಲಿ.

ಹೆತ್ತವರಲ್ಲಿ ಒಂದು ವಿನಂತಿ. ಈ ವರ್ಷ ನಮ್ಮಿಂದ ಲ್ಯಾಪ್‌ಟಾಪ್ ಸಿಗದ ಮಕ್ಕಳಿಗೆ ನೀವೇ ಸಾಲ ಸೋಲ ಮಾಡಿ ಕೊಡಿಸುತ್ತೀರಿ ಎಂದು ನಮಗೆ ಗೊತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಿ. ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು ಐದು ಮಾತು ಕೇಳಿ. ಚಾರ್ಜರ್ ಸೇರಿ ತೂಕ ಎಷ್ಟು? ಮೆಮೊರಿ ಮುಂದೆ ಹೆಚ್ಚಿಸಬಹುದೇ? ಬ್ಯಾಟರಿ, ಕೀಬೋರ್ಡ್ ಬದಲಿಸಲು ಎಷ್ಟಾಗುತ್ತದೆ, ನಮ್ಮ ಊರಲ್ಲೇ ಆಗುತ್ತದೆಯೇ? ಪೆನ್‌ಡ್ರೈವ್, ಪ್ರೊಜೆಕ್ಟರ್ ಅಡಾಪ್ಟರ್ ಇಲ್ಲದೆ ಹಾಕಬಹುದೇ? ಮಗ ಅಥವಾ ಮಗಳ ಕೋರ್ಸಿಗೆ ಬೇಕಾದ ಸಾಫ್ಟ್‌ವೇರ್ ಇದರಲ್ಲಿ ನಡೆಯುತ್ತದೆಯೇ? ಕೊನೆಯದನ್ನು ಕಾಲೇಜಿನ ಅಧ್ಯಾಪಕರನ್ನೇ ಕೇಳಿ. ಕೆಲವು ಸಾಫ್ಟ್‌ವೇರ್‌ಗಳು ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತವೆ. ಅಂಗಡಿಯವರು ಉತ್ತರಿಸಲು ತಡವರಿಸಿದರೆ ಮುಂದಿನ ಅಂಗಡಿಗೆ ಹೋಗಿ.

ಮಕ್ಕಳೇ, ಗೆಳೆಯನ ಕೈಯಲ್ಲಿ ತೆಳ್ಳಗಿನದು ಕಂಡಾಗ ಆಸೆಯಾಗುವುದು ಸಹಜ. ನಮಗೂ ಅದನ್ನು ಹಿಂತಿರುಗಿಸುವಾಗ ಸ್ವಲ್ಪ ಬೇಸರವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ನಿಮ್ಮ ಉಮ್ಮ, ಬಾಪರಲ್ಲಿ ಕೇಳುವ ಮೊದಲು ಈ ಐದು ಪ್ರಶ್ನೆಗಳಿಗೆ ನೀವೇ ಉತ್ತರ ಬರೆದು ಅವರ ಕೈಗೆ ಕೊಡಿ.

ಮುಂದಿನ ವರ್ಷದಿಂದ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಹೊಸ ಸಾಲುಗಳು ಸೇರಿವೆ. ಕಾಲೇಜಿಗೆ ಹೇಗೆ ಹೋಗುತ್ತೀರಿ, ದಿನಕ್ಕೆ ಎಷ್ಟು ಹೊತ್ತು ಚೀಲ ಹೊರುತ್ತೀರಿ, ನಡೆಯಲು ಅಥವಾ ಹೊರಲು ತೊಂದರೆ ಇದೆಯೇ ಎಂದು ಅಲ್ಲಿ ಕೇಳಲಾಗಿದೆ. ಇವನ್ನು ಖಾಲಿ ಬಿಡಬೇಡಿ, ನಾಚಿಕೆಯನ್ನೂ ಪಡಬೇಡಿ. ಅಂಕಪಟ್ಟಿಯಷ್ಟೇ ಗಮನ ಕೊಟ್ಟು ನಾವು ಅವನ್ನು ಓದುತ್ತೇವೆ.